ಕರುಳಿನ ರೋಗಿಗೆ ಯಾವ ಲಸಿಕೆ?

ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿ ಚಾಂಪಿಯನ್ ರೀಫ್ಸ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ಬಂಡೆ ಕೊರೆದವರ ಶ್ವಾಸಕೋಶದಲ್ಲಿ ನೆಲೆಸಿದ ಸಿಲಿಕಾ ಧೂಳು ಮಾತ್ರ ಹೊರಬರಲಿಲ್ಲ. ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಯುವ ಜೀವಕಣಗಳು ಈ ಧೂಳನ್ನೂ ನುಂಗಿ ಸಾಯುತ್ತವೆ. ಕಾವಲಿಲ್ಲದ ಮನೆಗೆ ಕ್ಷಯವು ಸುಲಭವಾಗಿ ನುಗ್ಗುತ್ತದೆ.

ಧೂಳು ಮಾಡುವ ಈ ಕೇಡನ್ನೇ ಹೋಲುವ ಕಾರ್ಯವನ್ನು ಕೆಲವು ಔಷಧಿಗಳು ಉದ್ದೇಶಪೂರ್ವಕವಾಗಿ ಮಾಡುತ್ತವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಕ್ರೋನ್ಸ್ ರೋಗದಲ್ಲಿಯೂ ದೊಡ್ಡ ಕರುಳಿನ ಹುಣ್ಣುರೋಗದಲ್ಲಿಯೂ ದೇಹದ ರಕ್ಷಣಾಪಡೆಯು ಸ್ವಂತ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಅದನ್ನು ತಣಿಸಲು ಪ್ರೆಡ್ನಿಸೊಲೋನ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದುವನ್ನು ಕೊಡುವರು. ಇವುಗಳಲ್ಲಿ ಕೊನೆಯದು ಟಿ. ಎನ್. ಎಫ್. ಎಂಬ ಸಂದೇಶವಾಹಕ ವಸ್ತುವನ್ನು ತಡೆಯುತ್ತದೆ. ಕ್ಷಯದ ರೋಗಾಣುಗಳನ್ನು ಸಣ್ಣ ಗಂಟುಗಳೊಳಗೆ ಸೆರೆಯಿಟ್ಟಿರುವುದು ಬಹುಮಟ್ಟಿಗೆ ಆ ವಸ್ತುವೇ. ಆದುದರಿಂದಲೇ ಔಷಧಿ ಆರಂಭಿಸುವ ಮುನ್ನ ವೈದ್ಯರು ಅಡಗಿರುವ ಕ್ಷಯವನ್ನು ಹುಡುಕುತ್ತಾರೆ.

ಕಾವಲು ತಗ್ಗಿದವನಿಗೆ ಲಸಿಕೆಯ ರಕ್ಷಣೆ ಹೆಚ್ಚು ಬೇಕು. ಆದರೆ ಎಲ್ಲ ಲಸಿಕೆಯೂ ಒಂದೇ ಅಲ್ಲ. ಇನ್‌ಫ್ಲುಯೆಂಜಾ ಚುಚ್ಚುಮದ್ದು, ನ್ಯೂಮೋಕಾಕಸ್ ಲಸಿಕೆ, ಹೆಪಟೈಟಿಸ್-ಬಿ ಲಸಿಕೆ ಇವುಗಳಲ್ಲಿ ಜೀವಂತ ರೋಗಾಣುವಿಲ್ಲ; ಔಷಧಿ ನಡೆದಿರುವಾಗಲೂ ಹಾಕಿಸಬಹುದು. ಫಲ ಮಾತ್ರ ಕೊಂಚ ಕಡಿಮೆಯಾಗಬಹುದು. ಮೊದಲೇ ಹಾಕಿಸುವುದು ಲೇಸು. ಲಸಿಕೆಯಿಂದ ಕರುಳು ಕೆರಳೀತೆಂದು ಅಂಜುವವರುಂಟು. ಪರಿಶೀಲನೆಗಳಲ್ಲಿ ಹಾಗೆ ಕಂಡುಬಂದಿಲ್ಲ. ದಡಾರ, ಸೀತಾಳೆ ಸಿಡುಬು, ಹಳದಿ ಜ್ವರ ಇವುಗಳ ಲಸಿಕೆಗಳಲ್ಲಾದರೋ ದುರ್ಬಲಗೊಳಿಸಿದ, ಆದರೂ ಬದುಕಿರುವ ವೈರಸ್ ಇರುತ್ತದೆ. ಅವನ್ನು ಔಷಧಿಗೆ ನಾಲ್ಕು ವಾರವಾದರೂ ಮುಂಚೆ ಮುಗಿಸಬೇಕು, ಅನಂತರ ಹಾಕಿಸಕೂಡದು.

ಬಿ. ಸಿ. ಜಿ. ಯೂ ಜೀವಂತ ಲಸಿಕೆಯೇ. ಕೋಲಾರ ಜಿಲ್ಲೆಗೆ ನೆರೆಯಾದ ಮದನಪಲ್ಲಿಯು, 1948ರಲ್ಲಿ ಭಾರತದಲ್ಲಿ ಅದನ್ನು ಮೊದಲು ಪ್ರಯೋಗಿಸಿದ ಸ್ಥಳಗಳಲ್ಲೊಂದು. ಇಂದು ನಮ್ಮಲ್ಲಿ ಹುಟ್ಟಿದ ಶಿಶುವಿಗೆಲ್ಲ ಅದನ್ನು ಹಾಕುವರು. ಇಲ್ಲಿಯೇ ತೊಡಕು. ಗರ್ಭಿಣಿಗೆ ಕೊಟ್ಟ ಇನ್‌ಫ್ಲಿಕ್ಸಿಮ್ಯಾಬ್ ಹೊಕ್ಕುಳಬಳ್ಳಿಯ ಮೂಲಕ ಮಗುವಿನ ರಕ್ತವನ್ನು ಸೇರಿ, ಕೆಲವು ತಿಂಗಳು ಉಳಿಯುತ್ತದೆ. ಕ್ರೋನ್ಸ್ ರೋಗಕ್ಕಾಗಿ ಆ ಔಷಧಿ ಪಡೆದ ತಾಯಿಯ ಶಿಶುವೊಂದು ಬಿ. ಸಿ. ಜಿ. ರೋಗಾಣುವು ದೇಹವೆಲ್ಲ ಹರಡಿ ತೀರಿಕೊಂಡುದನ್ನು 2010ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಮಾಡಿದರು. ಅಂಥ ಶಿಶುಗಳಿಗೆ ಈ ಲಸಿಕೆಯನ್ನು ಆರು ತಿಂಗಳಿಂದ ಒಂದು ವರ್ಷದವರೆಗೆ ಮುಂದೂಡುವುದು ಈಗಿನ ಕ್ರಮ. ಹೆರಿಗೆಯ ಗಡಿಬಿಡಿಯಲ್ಲಿ ತಾಯಿಯ ಔಷಧಿಯನ್ನು ಯಾರೂ ವಿಚಾರಿಸದೆ ಹೋಗಬಹುದು. ಅದರ ಹೆಸರನ್ನು ಮೊದಲೇ ಆಸ್ಪತ್ರೆಯ ಚೀಟಿಯಲ್ಲಿ ಬರೆಯಿಸಿರಬೇಕು.