ಮನೆಯಲ್ಲಿ ಬರೆದ ಡಿಸ್ಕ್ ಏಕೆ ಓಡದು?

ಅಂಗಡಿಯಿಂದ ತಂದ ಚಲಚ್ಚಿತ್ರದ ಡಿಸ್ಕ್ ಡಿವಿಡಿ ಪ್ಲೇಯರಿನಲ್ಲಿ ಸರಾಗವಾಗಿ ಓಡುತ್ತದೆ. ಮನೆಯ ಮದುವೆಯನ್ನು ಬರೆದಿಟ್ಟ ಡಿಸ್ಕನ್ನು ಇಟ್ಟೊಡನೆ ಅದೇ ಯಂತ್ರ ಮೊಂಡುಹಿಡಿಯುತ್ತದೆ. ನಮಗೂ ಈ ಅನುಭವವಾಯಿತು. ಆ ಡಿಸ್ಕಿನಲ್ಲಿದ್ದುದು ಈಗ ನಮ್ಮೊಡನಿಲ್ಲದ ಅಜ್ಜಿಯ ಹಸೆಹಾಡು. ಡಿಸ್ಕ್ ಹಾಳಾಯಿತೆಂದು ತೀರ್ಮಾನಿಸುವ ಮುನ್ನ, ಯಂತ್ರವು ಅದನ್ನು ಓದುವ ಬಗೆಯನ್ನು ತಿಳಿಯುವುದು ಲೇಸು.

ಕಾರ್ಖಾನೆಯ ಡಿಸ್ಕಿನಲ್ಲಿ ಸುರುಳಿಯಾದ ಜಾಡೊಂದಿದೆ. ಅದರ ಸುತ್ತುಗಳ ನಡುವಣ ಅಂತರ 0.74 ಮೈಕ್ರೋಮೀಟರ್. ಜಾಡಿನುದ್ದಕ್ಕೂ ಅಚ್ಚೊತ್ತಿದ ಕುಳಿಗಳಿವೆ. ಅತಿ ಕಿರಿದಾದುದರ ಉದ್ದ 0.4 ಮೈಕ್ರೋಮೀಟರ್. ಯಂತ್ರವು ಇದರ ಮೇಲೆ 650 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಲೇಸರ್ ಬೆಳಕನ್ನು ಬೀರುತ್ತದೆ. ಕುಳಿಯಿಂದ ಮರಳುವ ಬೆಳಕೂ ಸುತ್ತಣ ಸಮತಲದಿಂದ ಮರಳುವ ಬೆಳಕೂ ಕೂಡಿದಾಗ ಒಂದನ್ನೊಂದು ಕುಗ್ಗಿಸುತ್ತವೆ. ಹೀಗುಂಟಾಗುವ ಬೆಳಕಿನ ಏರಿಳಿತವನ್ನೇ ಯಂತ್ರ ಓದುವುದು.

ಮನೆಯಲ್ಲಿ ಬರೆದ ಡಿಸ್ಕಿನಲ್ಲಿ ಅಚ್ಚೊತ್ತಿದ ಕುಳಿಗಳಿಲ್ಲ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನಲ್ಲಿ ಸಾವಯವ ಬಣ್ಣದ ಪದರವಿದ್ದು, ಲೇಸರಿನ ಶಾಖದಿಂದ ಅದು ಅಲ್ಲಲ್ಲಿ ಮಾರ್ಪಡುತ್ತದೆ. ಅಳಿಸಿ ಬರೆಯುವ ಡಿಸ್ಕಿನಲ್ಲಿರುವುದು ಮಿಶ್ರಲೋಹ. ಅದರ ಸ್ಫಟಿಕ ಭಾಗಗಳು ಹೆಚ್ಚು ಬೆಳಕನ್ನೂ ಸ್ಫಟಿಕವಲ್ಲದ ಭಾಗಗಳು ಕಡಿಮೆ ಬೆಳಕನ್ನೂ ಹಿಂದಿರುಗಿಸುತ್ತವೆ. ಒಂದೇ ಪದರದ ಕಾರ್ಖಾನೆಯ ಡಿಸ್ಕ್ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 45ರಿಂದ 85ರಷ್ಟನ್ನು ಮರಳಿಸಿದರೆ, ಅಳಿಸಿ ಬರೆಯುವ ಡಿಸ್ಕ್ ಮರಳಿಸುವುದು 18ರಿಂದ 30ರಷ್ಟನ್ನು ಮಾತ್ರ. ಎರಡು ಪದರಗಳ ಕಾರ್ಖಾನೆಯ ಡಿಸ್ಕಿನದೂ ಇಷ್ಟೇ ಪ್ರಮಾಣ. ಆದುದರಿಂದ ಹಳೆಯ ಕೆಲವು ಯಂತ್ರಗಳು ಮೋಸಹೋಗಿ, ಇಲ್ಲದ ಎರಡನೆಯ ಪದರವನ್ನು ಹುಡುಕತೊಡಗುತ್ತವೆ.

ಇನ್ನು ಪರೀಕ್ಷೆಯ ಕ್ರಮವನ್ನು ನೋಡೋಣ. ಮೊದಲನೆಯದಾಗಿ, ಬರವಣಿಗೆ ಮುಕ್ತಾಯವಾಗಿದೆಯೆ? ‘ಫೈನಲೈಸ್’ ಎಂಬ ಆಜ್ಞೆ ಕೊಟ್ಟಾಗ ಮಾತ್ರ ಡಿಸ್ಕಿನ ಒಳಭಾಗದಲ್ಲಿ ಪರಿವಿಡಿಯೂ ಬರಹ ಮುಗಿದೆಡೆಯಲ್ಲಿ ಸಮಾಪ್ತಿಯ ಗುರುತೂ ಪೂರ್ಣಗೊಳ್ಳುತ್ತವೆ. ಅವಿಲ್ಲದ ಡಿಸ್ಕನ್ನು ಅನೇಕ ಪ್ಲೇಯರುಗಳು ಗುರುತಿಸಲಾರವು. ಎರಡನೆಯದಾಗಿ, ಬರೆದ ರೂಪ ಸರಿಯೆ? ಕಂಪ್ಯೂಟರಿನ ವಿಡಿಯೊ ಕಡತವನ್ನು ಇದ್ದಂತೆಯೇ ನಕಲು ಮಾಡಿದರೆ ಸಾಲದು. ಡಿವಿಡಿ ವಿಡಿಯೊ ರೂಪಕ್ಕೆ, ಸಾಮಾನ್ಯವಾಗಿ ಎಂಪೆಗ್-2 ಸಂಕೇತಕ್ಕೆ, ಅದನ್ನು ಪರಿವರ್ತಿಸಬೇಕು. ಮೂರನೆಯದಾಗಿ, ಬೆಳಕು ಸಾಕಷ್ಟು ಮರಳುತ್ತಿದೆಯೆ? ಮೆದು ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ನೋಡಬೇಕು. ಫಲಿಸದಿದ್ದರೆ, ಕಂಪ್ಯೂಟರಿನ ಮೂಲಕ ಅದನ್ನು ಓದಿ, ಒಮ್ಮೆ ಬರೆಯುವ ಉತ್ತಮ ಡಿಸ್ಕಿಗೆ ಕಡಿಮೆ ವೇಗದಲ್ಲಿ ನಕಲು ಮಾಡಬೇಕು.

ನಮ್ಮ ಡಿಸ್ಕಿನ ದೋಷ ಮೊದಲನೆಯ ಬಗೆಯದೇ ಆಗಿತ್ತು. ಅದನ್ನು ಬರೆದ ರೆಕಾರ್ಡರ್ ಅಟ್ಟದ ಮೇಲಿತ್ತು. ಡಿಸ್ಕನ್ನು ಅದರಲ್ಲಿಟ್ಟು ಮುಕ್ತಾಯದ ಆಜ್ಞೆ ಕೊಟ್ಟೆವು. ಅಜ್ಜಿಯ ದನಿ ಮನೆಯಲ್ಲಿ ಮತ್ತೆ ಕೇಳಿಸಿತು. ಆದರೆ ಬಿಸಿಲು, ಶಾಖ, ತೇವಗಳಿಂದ ಬಣ್ಣದ ಪದರ ಕ್ರಮೇಣ ಕೆಡುತ್ತದೆ. ಹಾಗೆ ಅಳಿದುದನ್ನು ಯಾವ ಯಂತ್ರವೂ ಓದಲಾರದು. ವಾಚಕರು ತಮ್ಮ ಮನೆಯ ಡಿಸ್ಕುಗಳನ್ನು ಎಸೆಯುವ ಮುನ್ನ ಈ ಮೂರು ಪರೀಕ್ಷೆಗಳನ್ನು ಮಾಡಲಿ. ಓದಬಲ್ಲವುಗಳಿಗೆ ತಡಮಾಡದೆ ಮತ್ತೊಂದು ಪ್ರತಿಯನ್ನು ತೆಗೆದಿರಿಸಲಿ.