ಸೋಮೇಶ್ವರ ಗುಡಿಗೆ ಒಂದು ಲೆನ್ಸ್, ಮಾಗಡಿ ಕೆರೆಗೆ ಇನ್ನೊಂದು

ಕ್ಯಾಮೆರಾ ಕೊಳ್ಳಬೇಕೆಂದಿದ್ದೀರಾ? ಕಂಪನಿ ಯಾವುದು ಅನ್ನೋದು ಆಮೇಲೆ. ನೀವು ಹೆಚ್ಚು ತೆಗೆಯೋದು ಯಾವ ಫೋಟೊ?

ಲಕ್ಷ್ಮೇಶ್ವರದ ಸೋಮೇಶ್ವರ ದೇವಸ್ಥಾನಕ್ಕೆ ಬನ್ನಿ. ಮಂಟಪದೊಳಗೆ ಬೆಳಕು ಕಡಿಮೆ. ಕ್ಯಾಮೆರಾ ಜೊತೆ ಸಿಗುವ 18-55 ಎಂಎಂ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಸಾಮಾನ್ಯವಾಗಿ ಎಫ್ 5.6ಕ್ಕೆ ನಿಲ್ಲುತ್ತದೆ. 35 ಎಂಎಂ, ಎಫ್ 1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬಿಡುತ್ತದೆ. ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಫ್ಲ್ಯಾಶ್ ಬೇಡ, ಕಂಬದ ಕೆತ್ತನೆಯ ನೆರಳೇ ಅಳಿಸಿಹೋಗುತ್ತದೆ. ಗರ್ಭಗುಡಿಯಲ್ಲಿ ಫೋಟೊ ತೆಗೆಯುವ ಮುಂಚೆ ಅರ್ಚಕರನ್ನು ಕೇಳಿ.

ಈಗ ಮಾಗಡಿ ಕೆರೆ. 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿ ಸೇರಿದ, ನಮ್ಮ ಶಿರಹಟ್ಟಿ ತಾಲ್ಲೂಕಿನ ಹೆಮ್ಮೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಎಂಥಾ ದಾರಿ ಸವೆಸಿ ಬಂದ ಜೀವಗಳು! ಹತ್ತಿರ ಹೋಗಿ ಎಬ್ಬಿಸಬೇಡಿ, ದೂರದಿಂದಲೇ ತೆಗೆಯಿರಿ. ಅದಕ್ಕೆ 70-300 ಎಂಎಂ ಲೆನ್ಸ್ ಬೇಕು. ಎಪಿಎಸ್-ಸಿ ಎಂಬ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 300 ಎಂಎಂ, ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದ ಸುಮಾರು 450 ಎಂಎಂನಷ್ಟು ಹತ್ತಿರ ತೋರಿಸುತ್ತದೆ. ಹಾಗಾಗಿ ಹಕ್ಕಿ ಫೋಟೊಗೆ ಸಣ್ಣ ಸೆನ್ಸರೇ ಲಾಭ. ಹಾರುವ ಹಕ್ಕಿಗೆ ಶಟರ್ ವೇಗ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ಇಲ್ಲವೇ ಇನ್ನೂ ಚುರುಕು.

ದುಡ್ಡು ಕಡಿಮೆಯೇ? ಕ್ಯಾಮೆರಾ ಬಾಡಿ ಹಳೆಯದಿರಲಿ, ಲೆನ್ಸ್ ಒಳ್ಳೆಯದಿರಲಿ. ಬಾಡಿ ಬದಲಾದರೂ ಲೆನ್ಸ್ ಕೂರುವ ಮೌಂಟ್ ಅದೇ ಇದ್ದರೆ ಲೆನ್ಸ್ ನಿಮ್ಮ ಜೊತೆಗೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಲೆನ್ಸಾದರೆ ಟಾರ್ಚ್ ಹಾಕಿ ಗಾಜಿನೊಳಗೆ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಕೊಳ್ಳಬೇಡಿ.