ಬೇಸಗೆಯ ಬೆಂಕಿ ಮತ್ತು ನಮ್ಮ ಹೊಣೆ

ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುತ್ತಿದ್ದಂತೆ ಚಾಮರಾಜನಗರ ಜಿಲ್ಲೆಯ ಕಾಡುಗಳು ಎಲೆಯುದುರಿಸಿ ಬರಿದಾಗತೊಡಗುತ್ತವೆ. ತೇಗ, ದಿಂಡಿಗ, ಮತ್ತಿ ಮರಗಳ ತರಗೆಲೆ ನೆಲವನ್ನೆಲ್ಲ ಹೊದೆಯುತ್ತದೆ. ಹುಲ್ಲು ಒಣಗಿ ನಿಲ್ಲುತ್ತದೆ. ಇದೇ ಕಾಲದಲ್ಲಿ ಸಾವಿರಾರು ಭಕ್ತರು ಮಲೆಯ ಮಹದೇಶ್ವರನ ದರ್ಶನಕ್ಕೆಂದು ತಾಳಬೆಟ್ಟದ ಹಾದಿಯಲ್ಲಿ ಕಾಲ್ನಡಿಗೆಯಿಂದ ಏರುತ್ತಾರೆ. ಕಾಡಂಚಿನ ರೈತರು ಹೊಲದ ಕಸಕಡ್ಡಿಗಳನ್ನು ಒಟ್ಟಿ ಸುಡುವುದೂ ಇದೇ ದಿನಗಳಲ್ಲಿ. ಒಂದು ಕಿಡಿ ಎಷ್ಟು ದೂರ ಹೋಗಬಲ್ಲುದೆಂಬುದನ್ನು ನಾವೆಲ್ಲರೂ ಯೋಚಿಸಬೇಕಾದ ಕಾಲವಿದು.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹೊತ್ತಿದ ಬೆಂಕಿ ಹಲವು ದಿನ ಉರಿದು ಸಾವಿರಾರು ಎಕರೆ ಕಾಡನ್ನು ಆಹುತಿ ತೆಗೆದುಕೊಂಡಿತು. ಕೊನೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ಆಕಾಶದಿಂದ ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಮತ್ತೊಬ್ಬರು ಹಾಗೆಯೇ ಬಲಿಯಾದರು. ನಮ್ಮ ಸೀಮೆಯ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರ ಅಪರೂಪ. ಬಹುಮಟ್ಟಿಗೆ ಅದು ಮನುಷ್ಯನ ಕೈಯಿಂದಲೇ ಬರುತ್ತದೆ, ಕೆಲವೊಮ್ಮೆ ಬೇಕೆಂದೇ, ಹಲವೊಮ್ಮೆ ಅಜಾಗರೂಕತೆಯಿಂದ.

ಹಾಗೆಂದು ಬೆಂಕಿಯೇ ಕೆಟ್ಟದ್ದೆಂದು ತಿಳಿಯಲಾಗದು. ಅರಣ್ಯ ಇಲಾಖೆಯವರು ಬಿರುಬೇಸಗೆ ಬರುವ ಮುಂಚೆಯೇ ರಸ್ತೆಯ ಇಕ್ಕೆಲಗಳಲ್ಲಿಯೂ ಕಾಡಿನ ಎಲ್ಲೆಯುದ್ದಕ್ಕೂ ಹುಲ್ಲು ಸವರಿ, ಅದನ್ನು ಹತೋಟಿಯಲ್ಲಿ ಸುಟ್ಟು, ಬೆಂಕಿರೇಖೆಗಳನ್ನು ನಿರ್ಮಿಸುತ್ತಾರೆ. ಮುಂದೆ ಕಾಳ್ಗಿಚ್ಚು ಹಬ್ಬಿ ಬಂದರೆ ಅಲ್ಲಿ ಅದಕ್ಕೆ ಮೇವು ದೊರೆಯದೆ ನಿಲ್ಲಬೇಕೆಂಬುದೇ ಇದರ ಉದ್ದೇಶ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇನ್ನೂ ಹಿಂದಿನಿಂದ ಈ ವಿದ್ಯೆಯನ್ನು ಬಲ್ಲವರು. ನೆಲದಲ್ಲಿ ತೇವ ಪೂರ್ತಿ ಆರುವ ಮೊದಲೇ ಅವರು ಹಚ್ಚುತ್ತಿದ್ದ ‘ತರಗು ಬೆಂಕಿ’ ತರಗನ್ನಷ್ಟೇ ಸುಟ್ಟು, ದೊಡ್ಡ ಮರಗಳನ್ನು ಮುಟ್ಟದೆ ಆರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಅಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತುಹೋಯಿತು. ಆಮೇಲೆ ಲಂಟಾನ ಪೊದೆ ಹಬ್ಬಿತು, ನೆಲ್ಲಿಮರಗಳಲ್ಲಿ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗ ಹಿರಿಯರ ಅನುಭವದ ಮಾತು.

ಆದರೆ ಇದನ್ನು ನೆಪ ಮಾಡಿಕೊಂಡು ನಾವು ನೀವು ಬೆಂಕಿ ಹಚ್ಚುವಂತಿಲ್ಲ. ಅದರ ಕಾಲ, ಗಾಳಿ, ನೆಲಗಳನ್ನು ಬಲ್ಲವರ ಕೈಯಲ್ಲಿ ಬೆಂಕಿ ಒಂದು ಉಪಕರಣ. ಅರಿಯದವರ ಕೈಯಲ್ಲಿ ಅನಾಹುತ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದೂ, ಹಚ್ಚಿದ್ದನ್ನು ಉರಿಯಬಿಟ್ಟು ಹೋಗುವುದೂ ಕಾಯಿದೆಯಂತೆ ಅಪರಾಧ. ಮಲೆಮಹದೇಶ್ವರ ಬೆಟ್ಟದ ಕಾಡು 2013ರಿಂದ ಅಭಯಾರಣ್ಯವಾಗಿದೆ ಎಂಬುದನ್ನು ಭಕ್ತರು ನೆನಪಿಡಬೇಕು.

ಕಾಡಿನಂತೆಯೇ ಊರ ಗೋಮಾಳ, ಗುಂಡುತೋಪು, ಕೆರೆಯಂಗಳಗಳೂ ಎಲ್ಲರ ಆಸ್ತಿ. ನೂರು ದನಗಳಿಗೆ ಮೂವತ್ತು ಎಕರೆ ಗೋಮಾಳವಿರಬೇಕೆಂದು ನಮ್ಮ ಕಂದಾಯ ನಿಯಮಗಳೇ ಹೇಳುತ್ತವೆ. ಎಲ್ಲರದೂ ಆದದ್ದನ್ನು ಯಾರದೂ ಅಲ್ಲವೆಂದು ಭಾವಿಸುವುದೇ ಕೇಡಿನ ಮೂಲ. ಬೇಸಗೆಗೆ ಮೊದಲೇ ಗ್ರಾಮ ಪಂಚಾಯತಿಯವರೂ ಊರ ಯುವಕರೂ ಕೂಡಿ ಗೋಮಾಳದ ಅಂಚಿನ ಒಣಹುಲ್ಲನ್ನು ಕೊಯ್ದು ದನಗಳಿಗೆ ಹಂಚಿಕೊಂಡರೆ ಮೇವೂ ಆಯಿತು, ರಕ್ಷಣೆಯೂ ಆಯಿತು.

ಹೊಲದ ಕಸವನ್ನು ಸುಡುವುದಕ್ಕಿಂತ ಗೊಬ್ಬರದ ಗುಂಡಿಗೆ ಹಾಕುವುದೇ ಲೇಸು. ಕಬ್ಬಿನ ತರಗನ್ನು ಸಾಲುಗಳ ನಡುವೆ ಹರಡಿದರೆ ತೇವ ಉಳಿಯುತ್ತದೆ, ಮಣ್ಣೂ ಫಲವತ್ತಾಗುತ್ತದೆ. ಸುಡಲೇಬೇಕಾದ ಮುಳ್ಳುಕಂಟಿಗಳಿದ್ದರೆ ಮೊದಲು ಸುತ್ತಲೂ ಹುಲ್ಲು ಕೆತ್ತಿ ಬರಿನೆಲ ಮಾಡಿಕೊಳ್ಳಬೇಕು. ಗಾಳಿಯಿಲ್ಲದ ಹೊತ್ತಿನಲ್ಲಿ, ನೀರು, ಹಸಿಸೊಪ್ಪು, ಗುದ್ದಲಿ ಹಾಗೂ ನಾಲ್ಕು ಜನ ಸಿದ್ಧರಿರುವಾಗ ಮಾತ್ರ ಚಿಕ್ಕ ಗುಡ್ಡೆಗಳಾಗಿ ಸುಡಬೇಕು. ಮಟಮಟ ಮಧ್ಯಾಹ್ನ, ಬೀಸುಗಾಳಿಯಲ್ಲಿ, ಒಂಟಿಯಾಗಿ ಸುಡಕೂಡದು. ಕಾಡಿಗೆ ಅಂಟಿಕೊಂಡ ಹೊಲವಾದರೆ ಅರಣ್ಯ ಇಲಾಖೆಯವರನ್ನು ಕೇಳದೆ ಕಡ್ಡಿ ಗೀರಬಾರದು. ಮಕ್ಕಳು, ಗರ್ಭಿಣಿಯರು, ಉಬ್ಬಸವುಳ್ಳವರು ಹೊಗೆಯಿಂದ ದೂರವಿರಲಿ. ಬೂದಿಯ ಮೇಲೆ ನೀರು ಹೊಯ್ದು, ಕೆದಕಿ, ಮತ್ತೆ ಹೊಯ್ದು, ಪೂರ್ತಿ ತಣ್ಣಗಾದ ಮೇಲೆಯೇ ಮನೆಗೆ ಮರಳಬೇಕು.

ಪಾದಯಾತ್ರೆಯ ಬಂಧುಗಳಲ್ಲಿ ನಮ್ಮ ವಿನಂತಿ: ಕಾಡೊಳಗೆ ಒಲೆ ಹೂಡದಿರಿ, ಬುತ್ತಿ ಕಟ್ಟಿಕೊಂಡು ಹೋಗಿ, ಇಲ್ಲವೇ ದಾಸೋಹದ ಸ್ಥಳಗಳಲ್ಲಿ ಪ್ರಸಾದ ಸ್ವೀಕರಿಸಿ. ದಾರಿಬದಿಯ ಮರದ ಬುಡದಲ್ಲಿ ಕರ್ಪೂರ, ಊದುಬತ್ತಿ ಹಚ್ಚಿ ಬಿಟ್ಟುಹೋಗದಿರಿ. ಬೀಡಿ ಸಿಗರೇಟುಗಳನ್ನು ಯಾತ್ರೆಯಲ್ಲಿ ತೊರೆಯುವುದೇ ಒಂದು ವ್ರತವಾಗಲಿ.

ದೂರದಲ್ಲಿ ಹೊಗೆ ಕಂಡರೆ ನೋಡಿ ಸುಮ್ಮನಾಗದೆ ಹತ್ತಿರದ ಅರಣ್ಯ ಕಚೇರಿಗೆ, ಇಲ್ಲವೇ 112ಕ್ಕೆ ತಿಳಿಸಬೇಕು. ಬೆಂಕಿ ಹತ್ತಿರ ಬಂದರೆ ಗುಡ್ಡದ ಮೇಲಕ್ಕೆ ಓಡುವುದು ತಪ್ಪು. ಇಳಿಜಾರಿನಲ್ಲಿ ಜ್ವಾಲೆ ಮನುಷ್ಯನಿಗಿಂತ ವೇಗವಾಗಿ ಏರುತ್ತದೆ. ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ, ತಗ್ಗಿನ ಕಡೆಗೆ, ರಸ್ತೆ, ಬಯಲು ಅಥವಾ ಆಗಲೇ ಸುಟ್ಟು ಆರಿದ ನೆಲಕ್ಕೆ ಸರಿಯಬೇಕು. ಮೂಗುಬಾಯಿಗೆ ಒದ್ದೆಬಟ್ಟೆ ಕಟ್ಟಿಕೊಳ್ಳಬೇಕು. ಬಿಸಿಗೆ ಕರಗಿ ಮೈಗಂಟುವ ನೈಲಾನ್ ಬಟ್ಟೆಗಿಂತ ಹತ್ತಿಬಟ್ಟೆ ಮೇಲು.

ಬೇಸಗೆಯುದ್ದಕ್ಕೂ ದಿನಗೂಲಿಯ ಬೆಂಕಿ ಕಾವಲುಗಾರರು ಸೊಪ್ಪಿನ ಕೊಂಬೆ ಹಿಡಿದು ಕಾಡಿನಲ್ಲಿ ಅಲೆಯುತ್ತಾರೆ. ನಾವು ಆರಿಸದೆ ಬಿಟ್ಟ ಕೆಂಡದೆದುರು ಹೋಗಿ ನಿಲ್ಲುವವರು ಅವರು. ಅವರಿಗೂ ಮನೆಯಲ್ಲಿ ದಾರಿ ಕಾಯುವ ಮಕ್ಕಳಿದ್ದಾರೆ.